ನೂರ ನಲವತ್ತು ಸೆಂಟಿಮೀಟರ್

೧೪ ಜನವರಿ ೨೦೦೭, ಭಾನುವಾರ

ಇವರ ಕಾರ್ಖಾನೆಯಿಂದ ವರ್ಷವರ್ಷ ಬರುವ ಡೈರಿ ಈ ಸಲ ನನಗೆ ಸಿಕ್ಕಿತು. ಕನ್ನಡದಲ್ಲೇ ಬರೆಯುತ್ತೇನೆ. ಗುಲಬರ್ಗಾದ ಕಾನ್ವೆಂಟಿನಲ್ಲಿ ಓದಿದವಳು ನಾನು, ಇಂಗ್ಲಿಷ್ ಬರೆಯುವುದೇ ಸುಲಭ. ಆದರೆ ಇಂಗ್ಲಿಷಿನಲ್ಲಿ ಬರೆದರೆ ಮಕ್ಕಳಿಬ್ಬರೂ ಓದಿಬಿಡುತ್ತಾರೆ. ಈ ತೆಲುಗು ಊರಿನಲ್ಲಿ ಬೆಳೆದ ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಈ ಮನೆಯಲ್ಲಿ ಕನ್ನಡ ಓದಬಲ್ಲವರು ಅತ್ತೆ ಮತ್ತು ಇವರು. ಅತ್ತೆಗೆ ಕಣ್ಣು ಮಂಜು, ಇವರಿಗೆ ಪುರುಸೊತ್ತಿಲ್ಲ.

ಹಬ್ಬದ ಊಟಕ್ಕೆ ಮಾನಸಾ ಬಂದಿದ್ದಳು. ಇವರ ಚಿಕ್ಕಪ್ಪನ ಮಗಳು, ಇಪ್ಪತ್ತಾರು ವರ್ಷ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಮಣಿಕೊಂಡದಲ್ಲಿ ಲಿಫ್ಟ್ ಇರುವ ಫ್ಲ್ಯಾಟು. ಹಿಮಾಯತ್‌ನಗರದ ನಮ್ಮ ಮೂರನೇ ಮಹಡಿಗೆ ಹತ್ತಿ ಬಂದು, “ವೈನೀ, ದಿನಾ ಹೆಂಗ ಹತ್ತತೀರಿ ನೀವು?” ಎಂದಳು. ರೂಢಿ ಎಂದೆ. ಈಚೆಗೆ ಎರಡನೇ ಮಹಡಿಯ ತಿರುವಿನಲ್ಲಿ ಕಿಟಕಿ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತೇನೆ ಎಂದು ಹೇಳಲಿಲ್ಲ. ನಲವತ್ತನಾಲ್ಕು ವರ್ಷವಾಯಿತು. ಅಷ್ಟೇ ಇರಬೇಕು.

ಮಗ ಸೂರಜ್ ಕೇಳಿದ್ದನಂತೆ, ಬೆಂಗಳೂರಿನ ಆಚೆ ಇರುವ ಆ ಅಮ್ಯೂಸ್‌ಮೆಂಟ್ ಪಾರ್ಕಿನ ವಿವರವನ್ನೆಲ್ಲ ಆಫೀಸಿನಲ್ಲಿ ಪ್ರಿಂಟ್ ತೆಗೆದು ತಂದಿದ್ದಾಳೆ. ನಾಲ್ಕು ಹಾಳೆ. ಅವನು ಊಟಕ್ಕೆ ಕೂತಾಗಲೂ ಕೈಯಿಂದ ಬಿಡಲಿಲ್ಲ. ಅವನ ಕ್ಲಾಸಿನಲ್ಲಿ ಇನ್ನೂ ಅಂಥ ಪಾರ್ಕು ನೋಡದವರು ಇಬ್ಬರೇ ಅಂತೆ. ಇನ್ನೊಬ್ಬ ಹುಡುಗ ಕಾಲು ಮುರಿದುಕೊಂಡಿದ್ದಾನೆ.

ಮೂರು ವರ್ಷದಿಂದ ಕರೆದೊಯ್ಯುತ್ತೇವೆ ಎನ್ನುತ್ತಿದ್ದೇವೆ. ಒಂದು ವರ್ಷ ಅತ್ತೆಯ ಕಣ್ಣಿನ ಆಪರೇಷನ್, ಒಂದು ವರ್ಷ ನಾದಿನಿಯ ಮಗಳ ಮದುವೆ, ಹೋದ ವರ್ಷ ಮಗಳು ತನ್ವಿಯ ಹತ್ತನೇ ತರಗತಿ. ಜೂನಿನಲ್ಲಿ ಸೂರಜ್‌ಗೆ ಹನ್ನೆರಡು ತುಂಬುತ್ತದೆ, ರೈಲಿನಲ್ಲಿ ಅರ್ಧ ಟಿಕೆಟು ಮುಗಿಯುತ್ತದೆ. ಆದ್ದರಿಂದ ಮೇ ತಿಂಗಳಲ್ಲೇ ಹೋಗಬೇಕೆಂದು ತೀರ್ಮಾನವಾಯಿತು.

ಹಾಳೆಯಲ್ಲಿ ಎತ್ತರದ ನಿಯಮವೊಂದಿದೆ. ನೂರ ನಲವತ್ತು ಸೆಂಟಿಮೀಟರಿಗಿಂತ ಗಿಡ್ಡ ಇರುವವರಿಗೆ ಮಕ್ಕಳ ಟಿಕೆಟ್. ಆದರೆ ಎಲ್ಲಕ್ಕಿಂತ ದೊಡ್ಡ ರೈಡಿನಲ್ಲಿ ಅವರು ಒಬ್ಬರೇ ಕೂರುವಂತಿಲ್ಲ, ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕು. ಸೂರಜ್ ಈಗ ನೂರ ಮೂವತ್ತೆಂಟು.

“ಪಪ್ಪಾ, ನೀ?”

“ನನ್ನ ಕಿವಿದು ಗೊತ್ತೈತಲ್ಲೋ. ಕುರ್ಚಿ ಮ್ಯಾಲಿಂದ ಎದ್ದರ ಸುದ್ದಾ ತಲಿ ತಿರಗತೈತಿ.”

“ಅಕ್ಕಾ?”

“ನಾ ಬಸ್ಸಿನ್ಯಾಗ ವಾಂತಿ ಮಾಡ್ಕೊಳ್ಳಾಕಿ. ನಿನ್ನ ಮ್ಯಾಲೇ ಮಾಡ್ಕೋತೀನಿ, ನಡೀತೈತೇನು?”

ಉಳಿದವಳು ನಾನು. ಕೈ ಪಾತ್ರೆಯಲ್ಲಿತ್ತು, ಮಾತು ಮುಗಿದರೆ ಸಾಕಾಗಿತ್ತು. ಕೂಡ್ತೀನಿ ಎಂದುಬಿಟ್ಟೆ.

“ಪಕ್ಕಾ?”

“ಪಕ್ಕಾ.”

ನಾನು ಇದುವರೆಗೆ ಜೋಕಾಲಿಯನ್ನೂ ಜೋರಾಗಿ ಜೀಕಿದವಳಲ್ಲ.


೧೭ ಜನವರಿ, ಬುಧವಾರ

ಇವರು ಆಫೀಸಿನಲ್ಲಿ ಎಲ್‌ಟಿಸಿಗೆ ಅರ್ಜಿ ಹಾಕಿದರು. ರೈಲಿನ ಖರ್ಚು ಕಾರ್ಖಾನೆಯದು, ಉಳಿದದ್ದು ನಮ್ಮದು. ಬೆಂಗಳೂರಿನಲ್ಲಿ ಇವರ ಕಾರ್ಖಾನೆಯದೇ ಗೆಸ್ಟ್‌ಹೌಸ್ ಇದೆ, ರೂಮು ಸಿಕ್ಕರೆ ಚಹಾದ ದುಡ್ಡಿನಲ್ಲಿ ಎರಡು ರಾತ್ರಿ ಕಳೆಯಬಹುದು. ಸಿಗದಿದ್ದರೆ ಬಸವನಗುಡಿಯ ನೆಂಟರ ಮನೆ. ಅವರ ಮನೆಯಲ್ಲಿ ಇಳಿದರೆ ಪಾರ್ಕು ನೋಡಿದಂತೆಯೇ. ಬೆಂಗಳೂರಿನಲ್ಲಿರುವ ಹದಿನಾಲ್ಕು ಮನೆಗೂ ಹೋಗಿ ಕುಂಕುಮ ಹಚ್ಚಿಸಿಕೊಳ್ಳಬೇಕು. ಒಬ್ಬರ ಮನೆ ಬಿಟ್ಟರೂ ಇನ್ನೈದು ವರ್ಷ ಕೇಳಿಸಿಕೊಳ್ಳಬೇಕು.

ಫಾರ್ಮಿನಲ್ಲಿ ಕುಟುಂಬದವರ ಹೆಸರು ತುಂಬಿಸಿದ್ದು ನಾನು. ಇವರದು ಚಂದ್ರಕಾಂತ, ಅತ್ತೆಯದು ಸೂಗಮ್ಮ, ಆಮೇಲೆ ತನ್ವಿ, ಸೂರಜ್. ಇವರು ಓದಿ ನೋಡಿ, “ನಿನ್ನ ಹೆಸರು?” ಎಂದರು. ಮರೆತಿದ್ದೆ. ಕೊನೆಯ ಸಾಲಿನಲ್ಲಿ ಬರೆದೆ. ನಾವು ಹೋಗುವುದು ಬೆಂಗಳೂರಿನವರಿಗೆ ಗೊತ್ತಾಗದಂತೆ ನೋಡಿಕೊಳ್ಳುವುದು ಹೇಗೆ ಎಂದು ಯೋಚಿಸುತ್ತಿದ್ದೆ, ಅದಕ್ಕೇ ಇರಬೇಕು.


೪ ಫೆಬ್ರವರಿ, ಭಾನುವಾರ

ಬರೆಯಲು ನಾಚಿಕೆಯಾಗುತ್ತದೆ.

ನಾಂಪಲ್ಲಿಯ ನುಮಾಯಿಶ್‌ಗೆ ಹೋಗಿದ್ದೆವು. ವರ್ಷದ ಮೊದಲ ದಿನಗಳಲ್ಲಿ ಈ ಊರೆಲ್ಲ ಆ ಎಕ್ಸಿಬಿಷನ್ನಿಗೆ ಹೋಗುತ್ತದೆ, ಶಾಲು ಚಾದರ ಕೊಳ್ಳುತ್ತದೆ. ಸೂರಜ್ ನನ್ನನ್ನು ಜಾಯಂಟ್ ವೀಲಿನ ಹತ್ತಿರ ಎಳೆದುಕೊಂಡು ಹೋದ. “ಮಮ್ಮಿ, ಇದು ಪ್ರ್ಯಾಕ್ಟೀಸು.”

ಕೂತೆ. ಕಂಬಿ ಹಾಕಿದರು. ತೊಟ್ಟಿಲು ಹಿಂದಕ್ಕೆ ಒಂದಾಳು ಎತ್ತರ ಹೋಯಿತು, ಇನ್ನೊಂದು ತೊಟ್ಟಿಲು ತುಂಬಲು ನಿಂತಿತು. ಕಣ್ಣಿಗೆ ಕತ್ತಲೆ ಬಂತು. ಕಿವಿಯೊಳಗೆ ಮಿಕ್ಸಿ ತಿರುಗಿದಂತೆ ಸದ್ದು. ನಾನು ಕಣ್ಣು ಮುಚ್ಚಿ ಕೂಗಿದೆನಂತೆ. ಏನು ಕೂಗಿದೆನೋ ನೆನಪಿಲ್ಲ. ಕೆಳಗಿನ ಆಳು, “ರೋಕೋ, ರೋಕೋ! ಮೇಡಂಕು ಉತಾರೋ!” ಎಂದು ಅರಚಿದ. ಇಷ್ಟು ದೊಡ್ಡ ಚಕ್ರ ನನಗಾಗಿ ಹಿಂದಕ್ಕೆ ತಿರುಗಿತು. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು. ನಾನು ಇಳಿದೆ ಎಂದು ಅವನನ್ನೂ ಇಳಿಸಿದರು.

ಆಟೋದಲ್ಲಿ ಸೂರಜ್ ಮುಂದೆ ಡ್ರೈವರನ ಪಕ್ಕ ಹೋಗಿ ಕೂತ. ಹಿಂದೆ ತನ್ವಿ, “ಮಮ್ಮಿ, ಅದು ಇನ್ನಾ ಹೊಂಟೇ ಇದ್ದಿಲ್ಲ” ಎಂದಳು. ಇವರು ಅವಳನ್ನು ಗದರಿದರು. ಗದರದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ಸೂರಜ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ, “ಅಲ್ಲೆ ಸುದ್ದಾ ಹಿಂಗ ಮಾಡ್ತೀ?”

“ಬಾಜೂಕ ದೊಡ್ಡವರು ಬೇಕs ಬೇಕು ಅಂದ್ರ ಕೂಡ್ತೀನೋ. ಹೇಳೀನಲ್ಲ. ಬ್ಯಾಡ ಅಂದ್ರ ಬ್ಯಾಗ್ ಹಿಡ್ಕೊಂಡು ಕೆಳಗ ನಿಂದರತೀನಿ.”

“ಹಂಗಂದ್ರ ನಾ ಮೇ ಒಳಗ ಒಂದು ನಲವತ್ತು ಆಗಬೇಕು,” ಎಂದ. “ಒಬ್ಬನs ಕೂಡಾಕ.”

ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಇನ್ನೊಂದು ದಾರಿ ಹುಡುಕಿಕೊಂಡಿದ್ದ ಅಷ್ಟೆ.


೫ ಫೆಬ್ರವರಿ, ಸೋಮವಾರ

ಬಾಗಿಲ ಚೌಕಟ್ಟಿಗೆ ಜೋತು ಬೀಳುತ್ತಿದ್ದಾನೆ. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ.


೨೩ ಫೆಬ್ರವರಿ, ಶುಕ್ರವಾರ

ದಣಿವು.


೩ ಮಾರ್ಚ್, ಶನಿವಾರ

ಬೆಳಿಗ್ಗೆ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುವಾಗ ಕುರ್ಚಿಯಲ್ಲಿ ಕೂತೇ ಮಾಡಿದೆ. ಮಕ್ಕಳಿಗೆ ಅದೇ ಖುಷಿ, ಹಿಂದಿನ ಬೆಂಚಿನವರು ನನಗೆ ಕಾಣುವುದಿಲ್ಲ. ಮಧ್ಯಾಹ್ನ ಮನೆಗೆ ಬಂದು ಅಕ್ಕಿ ಆರಿಸಲು ಕೂತೆ. ಇದೊಂದು ಹೊತ್ತು ನನಗೆ ಹಿತವಾಗಿರುತ್ತದೆ. ಬಿಸಿಲು ಅಡುಗೆಮನೆಯ ಕಟ್ಟೆಯ ಮೇಲಿರುತ್ತದೆ, ಅತ್ತೆ ಮಲಗಿರುತ್ತಾರೆ.

ಇವತ್ತು ಮಲಗಿರಲಿಲ್ಲ.

“ನಲಿನೀ, ಬಾಯಾಗ ಏನೈತಿ?”

“ಏನೂ ಇಲ್ರಿ ಅತ್ತಿ.”

“ಕಣ್ಣು ಮಂಜಾದ್ರ ಕಿವಿನೂ ಮಂಜಾಗ್ಯಾವೇನು? ಕಟುಂ ಕಟುಂ ಅನ್ನಾಕತ್ತೈತಿ. ಒಂದು ತಿಂಗಳಾತು ಕೇಳಾಕತ್ತೀನಿ, ಇಲಿ ಹೊಕ್ಕೈತಿ ಅನ್ಕೊಂಡಿದ್ದೆ.”

ಹಸಿ ಅಕ್ಕಿ. ಆರಿಸುತ್ತ ಆರಿಸುತ್ತ ಬಾಯಿಗೆ ಹಾಕಿಕೊಳ್ಳುತ್ತೇನೆ. ಎಂದಿನಿಂದ ಶುರುವಾಯಿತೋ ಗೊತ್ತಿಲ್ಲ. ಮೊದಮೊದಲು ನಾಲ್ಕು ಕಾಳು, ಈಗ ಹಿಡಿ.

ಅತ್ತೆ ನನ್ನ ಹತ್ತಿರ ಬಂದು ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಎಪ್ಪತ್ತೊಂದು ವರ್ಷ ಅವರಿಗೆ. ತುಸು ಅನುಮಾನದ ದನಿಯಲ್ಲಿ, “ಬಸರೇನು?” ಎಂದರು.

“ಅತ್ತೀ!”

“ಹಂಗಾರ ಮೈಯಾಗ ರಗತ ಇಲ್ಲ. ನನ್ನ ತಂಗಿ ಪಾರ್ವತಿಬಾಯಿ ಗ್ವಾಡಿ ಮಣ್ಣು ತಿಂತಿದ್ಲು, ಹಿಂಗs. ತಿಂಗಳದ್ದು ಭಾಳ ಹೋಗತೈತೇನು?”

ಹೌದು ಎಂದೆ. ಆರು ತಿಂಗಳಿಂದ, ಹತ್ತು ಹತ್ತು ದಿನ. ಇದನ್ನು ಇವರಿಗೂ ಹೇಳಿರಲಿಲ್ಲ. ಅತ್ತೆಗೆ ಹೇಳಿದ್ದು ಹೇಗೆಂದು ನನಗೇ ಆಶ್ಚರ್ಯ.

“ಮೇ ತಿಂಗಳದಾಗ ಬೆಂಗಳೂರಿಗೆ ಹೋಗಿ ಬಂದ ಮ್ಯಾಲೆ ತೋರಸ್ತೀನ್ರಿ. ಈಗ ಖರ್ಚು ಬ್ಯಾಡ.”

“ನಿನ್ನ ಹೊತಗೊಂಡು ಹೋಗವರು ಯಾರು? ಆ ಕಿವಿ ಕೆಟ್ಟ ನನ್ನ ಮಗನೇನು?”


೯ ಮಾರ್ಚ್, ಶುಕ್ರವಾರ

ಇವರ ಕಾರ್ಖಾನೆಯ ಡಿಸ್ಪೆನ್ಸರಿಯಲ್ಲಿ ರಕ್ತ ಕೊಟ್ಟೆ. ಹಿಮೋಗ್ಲೋಬಿನ್ ಏಳು ಪಾಯಿಂಟ್ ನಾಲ್ಕು. ಹನ್ನೆರಡಿರಬೇಕಂತೆ. ಡಾಕ್ಟರಮ್ಮ ತೆಲುಗಿನಲ್ಲಿ ಕೇಳಿದರು, ಇಷ್ಟು ಕಡಿಮೆ ಇಟ್ಟುಕೊಂಡು ಮೂರು ಮಹಡಿ ಹೇಗೆ ಹತ್ತುತ್ತಿದ್ದೀರಿ ಎಂದು. ಮಾನಸಾ ಕೇಳಿದ್ದೂ ಇದೇ ಪ್ರಶ್ನೆ. ಸ್ಕ್ಯಾನಿನಲ್ಲಿ ಗರ್ಭಕೋಶದ ಸಣ್ಣ ಗಡ್ಡೆ ಕಂಡಿದೆ, ಕೆಟ್ಟದ್ದಲ್ಲ, ಗುಳಿಗೆ ಕೊಟ್ಟಿದ್ದಾರೆ, ಮತ್ತೆ ಆಗಸ್ಟಿನಲ್ಲಿ ನೋಡೋಣ ಎಂದಿದ್ದಾರೆ.

ಇವರು ಬಸ್ಸಿನಲ್ಲಿ ನನ್ನ ಪಕ್ಕ ಕೂತು ರಿಪೋರ್ಟನ್ನು ಮೂರು ಸಲ ಓದಿದರು. “ಹೇಳಬಾರದಿತ್ತೇನು?” ಎಂದರು. ಹೇಳುವಂಥದ್ದು ಇದೆ ಎಂದೇ ನನಗೆ ಅನಿಸಿರಲಿಲ್ಲ. ದಣಿವೆಂದರೆ ಈ ವಯಸ್ಸಿನಲ್ಲಿ ಎಲ್ಲರ ಹತ್ತಿರವೂ ಇರುವ ವಸ್ತು, ಮನೆಯಲ್ಲಿ ಹಳೆಯ ಕೊಡೆ ಇರುವ ಹಾಗೆ ಎಂದುಕೊಂಡಿದ್ದೆ.

“ಪಾರ್ಕು ಬ್ಯಾಡ ಬಿಡು ಈ ವರ್ಷ,” ಎಂದರು. “ಹುಡುಗಗ ನಾ ಹೇಳತೀನಿ.”

ಬೇಡ, ಹೇಳಬೇಡಿ ಎಂದೆ. ತಕ್ಷಣ ಅಂದೆ. ಹುಡುಗನ ಸಲುವಾಗಿ.


೨೫ ಮಾರ್ಚ್, ಭಾನುವಾರ

ಮಾನಸಾ ಬಂದಿದ್ದಳು. ನನಗೆ ಖರ್ಜೂರದ ಡಬ್ಬಿ ತಂದಿದ್ದಳು, ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಚಹಾ ಕುಡಿಯುತ್ತ, “ಅಣ್ಣಾ, ವೈನಿಗೆ ಟ್ರೇನಿನ್ಯಾಗ ತ್ರಾಸು ಆಗತೈತಿ. ನಾ ಫ್ಲೈಟ್ ಬುಕ್ ಮಾಡತೀನಿ. ಪಾರ್ಕಿನ ಬಾಜೂಕs ರಿಸಾರ್ಟ್ ಐತಿ. ನನಗ ಬೋನಸ್ ಬಂದೈತಿ, ನೀವು ಏನೂ ಅನ್ನಬ್ಯಾಡ್ರಿ,” ಎಂದಳು.

ಮನಸ್ಸು ಒಳ್ಳೆಯದು. ಇವರು ಕಪ್ಪನ್ನು ಕೆಳಗಿಟ್ಟರು. ಇಪ್ಪತ್ತೆರಡು ವರ್ಷ ಸರ್ವೀಸು ಇವರದು. ಮಾನಸಾಳನ್ನು ಇಂಜಿನಿಯರಿಂಗ್ ಸೀಟಿನ ಕೌನ್ಸೆಲಿಂಗಿಗೆ, ಹಾಸ್ಟೆಲ್ಲಿಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದವರು ಇವರೇ. ಈಗ ಅವಳ ಒಂದು ತಿಂಗಳ ಸಂಬಳ ಇವರದಕ್ಕಿಂತ ಎಷ್ಟು ಹೆಚ್ಚು ಎಂದು ಈ ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೇಳಿಲ್ಲ.

ಸೂರಜ್ ಉಸಿರು ಹಿಡಿದು ಕೂತಿದ್ದ. ವಿಮಾನ!

ನಾನೇ ಮಾತು ತೆಗೆದೆ. “ಮಾನಸಾ, ಒಂದು ಕೆಲಸ ಮಾಡತೀಯೇನು? ಅತ್ತಿಯವರಿಗೆ ಟ್ರೇನಿನ್ಯಾಗ ಮ್ಯಾಲೆ ಕೆಳಗ ಆಗೂದಿಲ್ಲ. ಆ ನಾಕು ದಿನ ನಿನ್ನ ಮನ್ಯಾಗ ಇಟ್ಕೋ. ಅದs ದೊಡ್ಡ ಉಪಕಾರ.”

ಅವಳ ಮುಖ ಸಣ್ಣದಾಯಿತು, ಆಮೇಲೆ ಅರಳಿತು. ದೊಡ್ಡವ್ವನ ಕಡೆ ತಿರುಗಿ, “ಬರ್ತೀಯೇನು ದೊಡ್ಡವ್ವಾ?”

“ನಿನ್ನ ಮನ್ಯಾಗ ಲಿಫ್ಟ್ ಐತಿ ಅಲ್ಲ?” ಎಂದರು ಅತ್ತೆ. “ಹಂಗಾರ ನಂದೂ ಪಾರ್ಕ್ ಆತು. ಮುಂಜಾನಿಂದ ಸಂಜೀತನಾ ಮ್ಯಾಲೆ ಕೆಳಗ, ಮ್ಯಾಲೆ ಕೆಳಗ.”

ಇವರೂ ನಕ್ಕರು. ಸೂರಜ್ ನಗಲಿಲ್ಲ. ಎದ್ದು ಹೋಗಿ ಬಾಗಿಲಿಗೆ ಜೋತುಬಿದ್ದ. ವಿಮಾನ ಕಸಿದುಕೊಂಡವಳು ನಾನು. ಸರಿ ಮಾಡಿದೆನೋ ಇಲ್ಲವೋ ತಿಳಿಯದು. ಇವರ ಕಪ್ಪಿನಲ್ಲಿ ಉಳಿದಿದ್ದ ಅರ್ಧ ಚಹಾ ಮಾತ್ರ ಆಮೇಲೆ ಖಾಲಿಯಾಗಿತ್ತು.


೮ ಏಪ್ರಿಲ್, ಭಾನುವಾರ

ಸೂರಜ್‌ನನ್ನು ಅಳೆದೆ.

ಗೋಡೆಗೆ ಪೆನ್ಸಿಲ್ ಹಚ್ಚಿದರೆ ಮನೆ ಮಾಲೀಕರು ಬಿಡುವುದಿಲ್ಲ, ಅದಕ್ಕೆ ಕಬ್ಬಿಣದ ಬೀರುವಿನ ಮಗ್ಗುಲಿನಲ್ಲೇ ಇಬ್ಬರು ಮಕ್ಕಳ ಗೆರೆಗಳೂ ಇವೆ. ತನ್ವಿಯದು ನನ್ನ ಭುಜ ದಾಟಿ ಎರಡು ವರ್ಷದ ಹಿಂದೆ ನಿಂತಿದೆ. ಅವನು ಬೆನ್ನು ಹಚ್ಚಿ, ಗದ್ದ ಎಳೆದುಕೊಂಡು, ಕಣ್ಣು ಮುಚ್ಚಿ ನಿಂತ. ತಲೆಯ ಮೇಲೆ ಸ್ಕೇಲ್ ಅಡ್ಡ ಇಟ್ಟೆ. ಸರಿಯಾಗಿ ನೂರ ನಲವತ್ತು.

ನಾನು ಸ್ಕೇಲನ್ನು ಒತ್ತಿದೆ. ಕೂದಲು ಅದುಮುವಷ್ಟು, ಆಮೇಲೆ ಇನ್ನೂ ಸ್ವಲ್ಪ. ಗೆರೆ ಎಳೆದೆ.

“ಎಷ್ಟು?”

“ನೂರ ಮೂವತ್ತೊಂಬತ್ತು.”

ಅವನು ತಿರುಗಿ ಗೆರೆ ನೋಡಿದ, ನನ್ನ ಕೈಯಲ್ಲಿದ್ದ ಸ್ಕೇಲ್ ನೋಡಿದ, ನೆತ್ತಿ ಸವರಿಕೊಂಡ. ಆಡಲು ಹೋದ.

ಮಗ ಬೆಳೆಯದಿರಲಿ ಎಂದು ಬಯಸುವ ತಾಯಿ ಎಂಥವಳು? ಮಕ್ಕಳ ಟಿಕೆಟಿನ ಉಳಿತಾಯಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಉಳಿಯುವುದು ನೂರು ಚಿಲ್ಲರೆ ರೂಪಾಯಿ. ಅಷ್ಟಕ್ಕಾಗಿ ಸ್ಕೇಲ್ ಒತ್ತುವವಳೇ ನಾನು? ಇರಬಹುದು. ಬೇರೆ ಕಾರಣವೇನೂ ಹೊಳೆಯುತ್ತಿಲ್ಲ. ಅವನು ಮೂವತ್ತೊಂಬತ್ತೇ ಉಳಿದರೆ ಆ ರೈಡಿನಲ್ಲಿ ಕೂರಬೇಕಾದವಳು ನಾನೇ ಎಂಬುದೂ ಆ ಹೊತ್ತಿಗೆ ನೆನಪಿತ್ತು. ಅದು ಕಾರಣವಾಗಲಾರದು, ಆ ರೈಡೆಂದರೆ ನನಗೆ ಹೆದರಿಕೆ.


೨೨ ಏಪ್ರಿಲ್, ಭಾನುವಾರ

ಗೆಸ್ಟ್‌ಹೌಸ್ ಸಿಕ್ಕಿತು. ರೈಲು ಟಿಕೆಟುಗಳೂ ಆದವು, ಕಾಚಿಗೂಡ ಸ್ಟೇಷನ್ನಿನಿಂದ, ಮೇ ಹತ್ತಕ್ಕೆ. ಬಸವನಗುಡಿಯವರಿಗೆ ಹೇಳಿಲ್ಲ. ಪತ್ತೆಯಾದರೆ ಹೇಗೆ ಎಂದು ಇವರಿಗೆ ಭಯ. “ಸೂತಕ ಐತಿ ಅಂತ ಹೇಳಿದರಾತು,” ಎಂದಳು ತನ್ವಿ. ಅತ್ತೆ, “ಯಾರ ಸತ್ತಾರ? ನಾನೇನು?” ಎಂದರು.

ಡಾಕ್ಟರಮ್ಮನ ಗುಳಿಗೆಯಿಂದ ಬಾಯಿಗೆ ಕಬ್ಬಿಣದ ರುಚಿ. ಅಕ್ಕಿ ಬೇಡವಾಗಿದೆ, ಯಾವಾಗ ಬಿಟ್ಟೆ ಎಂದು ನೆನಪಿಲ್ಲ.

ಅಡುಗೆಮನೆಯ ಮಾಡದಲ್ಲಿ ಪಾರ್ಕಿನ ಆ ಹಾಳೆಗಳನ್ನು ಇಟ್ಟುಕೊಂಡಿದ್ದೇನೆ. ಬಸ್ಸಿನ ಸಮಯ ನೋಡಲು. ದೊಡ್ಡ ರೈಡಿನ ಚಿತ್ರದಲ್ಲಿ ಎಲ್ಲರೂ ಕೈ ಮೇಲೆತ್ತಿದ್ದಾರೆ. ಮುಂದಿನ ಸಾಲಿನಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳಿದ್ದಾಳೆ, ಸಲ್ವಾರ್ ಹಾಕಿದ್ದಾಳೆ. ಸೀರೆಯಲ್ಲಿ ಬಿಡುತ್ತಾರೋ ಇಲ್ಲವೋ ಬರೆದಿಲ್ಲ. ತನ್ವಿಯ ಹಳೆಯ ಸಲ್ವಾರಿನ ಬದಿ ಬಿಚ್ಚಿ ಅಗಲ ಮಾಡಿದೆ. ಪ್ರಯಾಣಕ್ಕೆ ಅನುಕೂಲ.


೬ ಮೇ, ಭಾನುವಾರ

ಬಿಸಿಲು ವಿಪರೀತ. ಜೋಳದ ರೊಟ್ಟಿ ಒಣಗಿಸುತ್ತಿದ್ದೇನೆ, ಶೇಂಗಾ ಚಟ್ನಿ ಕುಟ್ಟಿಯಾಯಿತು. ಒಲೆಯ ಮೇಲೆ ಹಾಲಿಟ್ಟು ಕೆಳಗೆ ಕೊತ್ತಂಬರಿಯವಳ ಹತ್ತಿರ ಹೋದೆ, ಹಾಲು ನೆನಪಾಗಿ ಓಡಿಬಂದೆ. ಉಕ್ಕಿರಲಿಲ್ಲ. ಸಂಜೆ ಎಲ್ಲರ ಬಟ್ಟೆ ಇಸ್ತ್ರಿಗೆ ಕೊಡಬೇಕು. ಕೆಲಸ ಬಹಳ ಉಳಿದಿದೆ, ಬೇಸರ ಬಂದಿದೆ.


೯ ಮೇ, ಬುಧವಾರ

ಅತ್ತೆಯನ್ನು ಮಣಿಕೊಂಡಕ್ಕೆ ಬಿಟ್ಟು ಬಂದೆವು. ಲಿಫ್ಟಿನಲ್ಲಿ ನನ್ನ ಕೈ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಬಾಗಿಲು ತೆರೆದಾಗ, “ಇಷ್ಟs ಏನು?” ಎಂದರು.

ಹೊರಡುವಾಗ ನನಗೊಬ್ಬಳಿಗೇ ಕೇಳುವಂತೆ, “ಹುಡುಗನ ಕೂಡ ಕೂಡು,” ಎಂದರು.

“ಅಂವಾ ಈಗ ಬೆಳದಾನ್ರಿ ಅತ್ತಿ. ಒಬ್ಬನs ಕೂಡಬಹುದು.”

“ಬೆಳದಾನೋ ಇಲ್ಲೋ ನಾ ಕೇಳಿಲ್ಲ.”


೧೨ ಮೇ, ಶನಿವಾರ, ಬೆಂಗಳೂರು

ಗೆಸ್ಟ್‌ಹೌಸಿನ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗಿನ ಆರೂವರೆ. ಒಳಗೆ ಮೂವರೂ ಮಲಗಿದ್ದಾರೆ. ಮೈಯೆಲ್ಲ ನೋಯುತ್ತಿದೆ, ತೋಳು ಎತ್ತಲಾಗುವುದಿಲ್ಲ. ನಿನ್ನೆಯದನ್ನು ಬರೆದಿಡಬೇಕು, ಇಲ್ಲದಿದ್ದರೆ ಊರಿಗೆ ಹೋದೊಡನೆ ಶಾಲೆ, ಯೂನಿಫಾರ್ಮು ಎಂದು ಮರೆತುಹೋಗುತ್ತದೆ.

ಗೇಟಿನಲ್ಲಿ ಬ್ಯಾಗು ತಪಾಸಣೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ನಾಲ್ಕು ಹಾಳೆಯಲ್ಲಿ ಅದೊಂದನ್ನು ನಾನು ಓದಿಯೇ ಇರಲಿಲ್ಲ, ಎತ್ತರದ ಪುಟವನ್ನೇ ಮತ್ತೆ ಮತ್ತೆ ಓದಿದ್ದೆ. ಮೂವತ್ತು ರೊಟ್ಟಿ, ಒಂದು ಡಬ್ಬಿ ಚಟ್ನಿ, ಮೊಸರು, ಉಳ್ಳಾಗಡ್ಡಿ. “ಒಗೀರಿ ಅಂತಾನಲ್ಲ,” ಎಂದು ಇವರು ಕಂಗಾಲಾದರು. ಎಸೆಯುವುದೆಂದರೇನು? ಗೋಡೆಯ ಪಕ್ಕದ ನೆರಳಿನಲ್ಲಿ ಚಾದರ ಹಾಸಿದೆ. ಬೆಳಿಗ್ಗೆ ಒಂಬತ್ತೂವರೆಗೆ ನಾಲ್ವರೂ ಕೂತು ಮಧ್ಯಾಹ್ನದ ಊಟ ಮಾಡಿದೆವು. ಒಳಗೆ ಹೋಗುತ್ತಿದ್ದವರೆಲ್ಲ ನೋಡುತ್ತ ಹೋದರು. ತನ್ವಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ನಾಲ್ಕು ರೊಟ್ಟಿ ತಿಂದಳು. ಉಳಿದದ್ದನ್ನು ಸೆಕ್ಯುರಿಟಿಯವನಿಗೇ ಕೊಟ್ಟೆವು. ಹಾವೇರಿ ಕಡೆಯವನಂತೆ. “ಶೇಂಗಾ ಚಟ್ನಿ ಅದ ಏನ್ರಿ ಅಕ್ಕಾರ? ಮೊದಲs ಹೇಳಬಾರದ?” ಎಂದ.

ಟಿಕೆಟ್ ಕಿಟಕಿಯ ಹತ್ತಿರ ಬಣ್ಣದ ಕಂಬ. ಸೂರಜ್ ಯಾರೂ ಹೇಳುವ ಮೊದಲೇ ಹೋಗಿ ನಿಂತ. ಹಿಮ್ಮಡಿ ಕೂಡಿಸಿ, ಎದೆ ಉಬ್ಬಿಸಿ. ಹುಡುಗಿ ನೋಡಿ, “ಒಂದು ನಲವತ್ತೊಂದು. ದೊಡ್ಡವರ ಟಿಕೆಟ್,” ಎಂದಳು. ಅವನು ನನ್ನ ಕಡೆ ತಿರುಗಿ ನೋಡಿದ. ಬೀರುವಿನ ಗೆರೆಯನ್ನು ಇಬ್ಬರೂ ನೆನೆಸಿಕೊಂಡೆವು ಎಂದು ನನಗನಿಸಿತು. ನಾನು ನೆಲ ನೋಡಿದೆ. ಇವರು ನಾಲ್ಕು ದೊಡ್ಡ ಟಿಕೆಟುಗಳನ್ನೇ ತೆಗೆದುಕೊಂಡರು.

ಒಳಗೆ ಮೊದಲ ಎರಡು ಗಂಟೆ ಸಣ್ಣಪುಟ್ಟವು. ನಾನು ಬೆಂಚಿನ ಮೇಲೆ, ಬ್ಯಾಗುಗಳ ಹತ್ತಿರ. ಒದ್ದೆ ಟವೆಲ್ಲು, ಒಣ ಟವೆಲ್ಲು, ಚಪ್ಪಲಿ, ಇವರ ಕನ್ನಡಕ. ಇದು ನನಗೆ ಗೊತ್ತಿರುವ ಕೆಲಸ. ಸಲ್ವಾರ್ ಹಾಕಿಕೊಂಡಿದ್ದೆ. ಯಾರೂ ಏನೂ ಅನ್ನಲಿಲ್ಲ.

ಆಮೇಲೆ ದೊಡ್ಡ ರೈಡು. ದೂರದಿಂದ ಕೂಗು ಕೇಳುತ್ತಿತ್ತು. ಸಾಲಿನಲ್ಲಿ ಸೂರಜ್ ನಿಂತ, ನಾನು ಹಗ್ಗದ ಈಚೆ ಅವನ ಜೊತೆಜೊತೆಗೇ ಮುಂದೆ ಸರಿದೆ.

“ಮಮ್ಮಿ, ಬಾ.”

“ನೀ ಒಂದು ನಲವತ್ತೊಂದು ಆಗೀಯಲ್ಲೋ. ಅಕಿನs ಹೇಳಿದಳಲ್ಲ. ಹೋಗು, ನಾ ಇಲ್ಲೇ ನಿಂತು ನೋಡತೀನಿ.”

ಇಷ್ಟು ಹೇಳುತ್ತಲೇ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡೆ. ಸೆಕೆ ಇತ್ತು. ಸಾಲು ಮುಂದೆ ಹೋಯಿತು. ಮೆಟ್ಟಿಲ ಬುಡದಲ್ಲಿ ಮತ್ತೊಂದು ಕಂಬ, ಪಕ್ಕದಲ್ಲಿ ಶಿಳ್ಳೆ ಹಾಕಿಕೊಂಡ ಹುಡುಗ. ಸೂರಜ್‌ನ ಸರದಿ ಬಂತು. ಅವನು ಕಂಬಕ್ಕೆ ಬೆನ್ನು ಹಚ್ಚಿದ, ಬೀರುವಿಗೆ ಹಚ್ಚುವ ಹಾಗೆಯೇ. ಕಣ್ಣು ಮುಚ್ಚಿದ.

ಅವನ ಚಡ್ಡಿ ದೊಡ್ಡದು, ಮೊಣಕಾಲು ಮುಚ್ಚುವಷ್ಟು. ನಾನು ಹಗ್ಗದ ಈಚೆ ಬದಿಗೆ ನಿಂತಿದ್ದೆ, ಆದ್ದರಿಂದ ಕಂಡಿತು. ಮೊಣಕಾಲು ಎರಡೂ ಮೆಲ್ಲಗೆ ಮುಂದೆ ಬಂದವು. ಮೂರು ತಿಂಗಳು ಬಾಗಿಲಿಗೆ ಜೋತುಬಿದ್ದು ಬೆಳೆದ ಹುಡುಗ ಕಂಬದ ಗೆರೆಯ ಕೆಳಗೆ ಇಳಿದ. ಒಂದೇ ಒಂದು ಬೆರಳು.

ಶಿಳ್ಳೆಯ ಹುಡುಗ ಕಂಬ ನೋಡಿದ. ಕೆಳಗೆ ಮೊಣಕಾಲನ್ನೂ ನೋಡಿದನೆಂದು ತೋರುತ್ತದೆ. ತಲೆಯೆತ್ತಿ, “ಇವನ ಜೊತೆ ಯಾರು ಬಂದಿದೀರಾ? ಒಬ್ಬನೇ ಬಿಡೋ ಹಾಗಿಲ್ಲ ಮೇಡಂ, ಪಕ್ಕದಲ್ಲಿ ದೊಡ್ಡವರು ಕೂತ್ಕೋಬೇಕು,” ಎಂದ.

“ಬೇಕs ಬೇಕಂತ, ಮಮ್ಮಿ,” ಎಂದ ಸೂರಜ್, ಕಣ್ಣು ತೆರೆಯದೆ.

ಅವನಿಗೂ ಹೆದರಿಕೆಯಾಗಿತ್ತೋ, ಇಲ್ಲ ನನ್ನ ಸಲುವಾಗಿಯೋ, ಕೇಳಲಿಲ್ಲ. ಕೇಳುವುದೂ ಇಲ್ಲ. ಕೈಯಲ್ಲಿದ್ದ ಬ್ಯಾಗುಗಳನ್ನು ಹಿಂದೆ ನಿಂತಿದ್ದ ತನ್ವಿಯ ಕೈಗೆ ಹಾಕಿ ಹಗ್ಗದ ಕೆಳಗೆ ಬಗ್ಗಿ ದಾಟಿದೆ. ಇವರು ಹಿಂದಿನಿಂದ, “ನಲಿನೀ, ಗುಳಿಗಿ ತೊಗೊಂಡೀಯೇನು?” ಎಂದು ಕೂಗಿದರು. ಮೆಟ್ಟಿಲುಗಳು ಬಹಳ ಇದ್ದವು. ಅವನು ಮುಂದೆ, ನಾನು ಹಿಂದೆ, ಹತ್ತಿದೆವು.

ಕಂಬಿ ಬಿದ್ದ ಮೇಲೆ ಅವನು ಬೆನ್ನು ನೆಟ್ಟಗೆ ಮಾಡಿ ಕೂತ.

ನಿನ್ನೆ ಸಂಜೆ ಎಸ್‌ಟಿಡಿ ಬೂತಿನಿಂದ ಮಣಿಕೊಂಡಕ್ಕೆ ಫೋನ್ ಮಾಡಿದಾಗ ಅತ್ತೆ ಕೇಳಿದರು, “ಮ್ಯಾಲಿಂದ ಏನ ಕಾಣತೈತಿ?”

“ಕಣ್ಣು ಮುಚ್ಚಿದ್ದೆ ನೋಡ್ರಿ,” ಎಂದೆ.

ಮುಚ್ಚಿರಲಿಲ್ಲ. ತುದಿಯಲ್ಲಿ ಆ ರೈಡು ಒಂದು ಕ್ಷಣ ನಿಲ್ಲುತ್ತದೆ. ಆಗ ಕೆಳಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಬೇವಿನ ಮರ, ಅದರ ಕೆಳಗೆ ಬೆಂಚು. ಒಂದು ತುದಿಯಲ್ಲಿ ಇವರು, ಇನ್ನೊಂದು ತುದಿಯಲ್ಲಿ ತನ್ವಿ, ಅವಳ ಕಾಲ ಬಳಿ ಬ್ಯಾಗುಗಳು, ಖಾಲಿ ರೊಟ್ಟಿ ಡಬ್ಬಿ. ನಡುವೆ ಒಬ್ಬರು ಕೂರುವಷ್ಟು ಜಾಗವನ್ನು ಇಬ್ಬರೂ ಹಾಗೆಯೇ ಬಿಟ್ಟಿದ್ದರು. ಅಲ್ಲಿ ಬಿಸಿಲು ಬಿದ್ದಿತ್ತು.